ಮೊದಲ ಗೇಮಿಂಗ್ ಕಂಪ್ಯೂಟರ್: ಡಬ್ಬದ ಮೇಲಿನ ಸಣ್ಣ ಅಕ್ಷರ ಓದಿ ಬಿಡಿಭಾಗ ಆರಿಸಿ

2025ರ ದೀಪಾವಳಿಗೆ ಅಕ್ಕನ ಮಗ ಮೊಬೈಲ್ ಹಿಡಿದುಕೊಂಡು ಬಂದು ಪಕ್ಕದಲ್ಲಿ ಕುಳಿತ. ದಾವಣಗೆರೆಯಲ್ಲೇ ಎಂಜಿನಿಯರಿಂಗ್ ಓದುತ್ತಿರುವ ಹುಡುಗ. ಎರಡು ವರ್ಷ ಕೂಡಿಟ್ಟದ್ದು, ಅಜ್ಜಿ ಕೊಟ್ಟದ್ದು ಎಲ್ಲ ಸೇರಿ ಕೈಯಲ್ಲಿ 60 ಸಾವಿರ ರೂಪಾಯಿ ಇತ್ತು. "ಮಾಮ, ಇದನ್ನು ನೋಡು. ಐ7 ಗೇಮಿಂಗ್ ಕಂಪ್ಯೂಟರ್, 16 ಜಿಬಿ ರ‍್ಯಾಮ್, 4 ಜಿಬಿ ಗ್ರಾಫಿಕ್ಸ್ ಕಾರ್ಡ್, ಬಣ್ಣದ ದೀಪದ ಕ್ಯಾಬಿನೆಟ್. ಎಲ್ಲ ಸೇರಿ 21 ಸಾವಿರ. ಉಳಿದ ಹಣದಲ್ಲಿ ಒಳ್ಳೆಯ ಕುರ್ಚಿ ಬರುತ್ತದೆ" ಎಂದ.

ಜಾಹೀರಾತನ್ನು ಕೆಳಕ್ಕೆ ಸರಿಸಿದೆ. ದಪ್ಪ ಅಕ್ಷರದ ಐ7 ಕೆಳಗೆ, ಇರುವೆ ಸಾಲಿನಂತಹ ಸಣ್ಣ ಅಕ್ಷರದಲ್ಲಿ ಪೂರ್ತಿ ಹೆಸರಿತ್ತು: ಐ7-2600. ಅದು 2011ರ ಜನವರಿಯಲ್ಲಿ ಬಿಡುಗಡೆಯಾದ 2ನೇ ತಲೆಮಾರಿನ ಪ್ರೊಸೆಸರ್, ಅಂದರೆ ಕಂಪ್ಯೂಟರಿನ ಮಿದುಳು. ಈ ಹುಡುಗ ಆಗ ಒಂದನೇ ತರಗತಿಗೂ ಸೇರಿರಲಿಲ್ಲ. ಎಲ್ಲ ಭಾಗಗಳೂ ಕೂರುವ ಮದರ್‌ಬೋರ್ಡ್ ಎಚ್61, ಅದೂ ಅದೇ ಕಾಲದ್ದು. ರ‍್ಯಾಮ್ 16 ಜಿಬಿ ಇರುವುದು ನಿಜ, ಆದರೆ ಹಳೆಯ ತಲೆಮಾರಿನ ಡಿಡಿಆರ್3. ಗ್ರಾಫಿಕ್ಸ್ ಕಾರ್ಡ್ 4 ಜಿಬಿ ಎನ್ನುವುದೂ ನಿಜ, ಆದರೆ ಅದು 2014ರ ಜಿಟಿ 730. ಆಟ ಆಡಿಸುವುದಕ್ಕಿಂತ ಪರದೆಗೆ ಚಿತ್ರ ಕಳುಹಿಸುವುದಕ್ಕೆ ಮಾಡಿದ ಕಾರ್ಡ್. ವಿಂಡೋಸ್ 11ಕ್ಕೆ ಇಂಟೆಲ್‌ನ 8ನೇ ತಲೆಮಾರು ಅಥವಾ ಅದರ ನಂತರದ ಪ್ರೊಸೆಸರ್ ಬೇಕು. ವಿಂಡೋಸ್ 10ರ ಸಾಮಾನ್ಯ ಬೆಂಬಲ ಅಕ್ಟೋಬರ್ 14ಕ್ಕೆ, ಅಂದರೆ ಹಬ್ಬಕ್ಕೆ ಒಂದು ವಾರ ಮೊದಲೇ, ಮುಗಿದಿತ್ತು.

ಆ ಜಾಹೀರಾತಿನಲ್ಲಿ ಒಂದೇ ಒಂದು ಸುಳ್ಳೂ ಇರಲಿಲ್ಲ. ಹೇಳಬೇಕಾದ್ದನ್ನೆಲ್ಲ ಹೇಳಿತ್ತು, ಸಣ್ಣ ಅಕ್ಷರದಲ್ಲಿ. ಕಂಪ್ಯೂಟರ್ ಬಿಡಿಭಾಗಗಳ ವ್ಯಾಪಾರವೆಲ್ಲ ಹೀಗೆಯೇ ನಡೆಯುತ್ತದೆ. ದೊಡ್ಡ ಅಕ್ಷರ ಮಾರುವವನಿಗೆ, ಸಣ್ಣ ಅಕ್ಷರ ಕೊಳ್ಳುವವನಿಗೆ. ಮುಂದಿನ ಎರಡು ತಿಂಗಳು ನಾವಿಬ್ಬರೂ ಸೇರಿ ಆ ಸಣ್ಣ ಅಕ್ಷರಗಳನ್ನು ಓದಿಕೊಂಡು ಒಂದು ಕಂಪ್ಯೂಟರ್ ಜೋಡಿಸಿದೆವು. ಅದರ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಆಟ, ಆಮೇಲೆ ಪರದೆ

ಅಂಗಡಿಗೆ ಹೋಗುವ ಮೊದಲು ಒಂದು ಹಾಳೆಯಲ್ಲಿ ನೀವು ನಿಜವಾಗಿ ಆಡುವ ಆಟಗಳ ಹೆಸರು ಬರೆಯಿರಿ. ಮುಂದೆ ಯಾವತ್ತಾದರೂ ಆಡಬಹುದು ಎನ್ನುವ ಆಟಗಳು ಬೇಡ, ಬರುವ ಆರು ತಿಂಗಳಲ್ಲಿ ಆಡುವಂಥವು ಸಾಕು. ನಮ್ಮ ಹುಡುಗನ ಹಾಳೆಯಲ್ಲಿ ವ್ಯಾಲರಂಟ್, ಜಿಟಿಎ 5, ಎಲ್ಡನ್ ರಿಂಗ್ ಇದ್ದವು. ಮೂರೂ ಕಂಪ್ಯೂಟರ್‌ನಿಂದ ಬೇರೆ ಬೇರೆಯದನ್ನು ಕೇಳುತ್ತವೆ. ವ್ಯಾಲರಂಟ್ ಗ್ರಾಫಿಕ್ಸ್ ಕಾರ್ಡನ್ನು ಹೆಚ್ಚು ಬಳಲಿಸುವುದಿಲ್ಲ, ಭಾರವೆಲ್ಲ ಪ್ರೊಸೆಸರ್ ಮೇಲೆ. ಎಲ್ಡನ್ ರಿಂಗ್ ಎಷ್ಟೇ ದುಬಾರಿ ಯಂತ್ರದಲ್ಲಿ ಹಾಕಿದರೂ ಸೆಕೆಂಡಿಗೆ 60 ಫ್ರೇಮ್ (ಚಿತ್ರ) ದಾಟುವುದಿಲ್ಲ, ಆಟ ಮಾಡಿದವರೇ ಅಲ್ಲಿ ಗೆರೆ ಎಳೆದಿದ್ದಾರೆ. ಜಿಟಿಎ 5 ಒಂದೇ 100 ಜಿಬಿಗೂ ಹೆಚ್ಚು ಜಾಗ ನುಂಗುತ್ತದೆ.

ಆಟದ ನಂತರ ಪರದೆ. ಬಹಳ ಜನ ಮಾನಿಟರನ್ನು ಕೊನೆಗೆ, ಉಳಿದ ಚಿಲ್ಲರೆಯಲ್ಲಿ ಕೊಳ್ಳುತ್ತಾರೆ. ನನ್ನ ಪ್ರಕಾರ ಅದು ತಲೆಕೆಳಗು. ಗ್ರಾಫಿಕ್ಸ್ ಕಾರ್ಡ್ ಎಷ್ಟು ದುಡಿಯಬೇಕು ಎನ್ನುವುದನ್ನು ಪರದೆಯೇ ನಿರ್ಧರಿಸುತ್ತದೆ. 1080ಪಿ ಪರದೆಯಲ್ಲಿ 20 ಲಕ್ಷ 73 ಸಾವಿರ ಚುಕ್ಕೆಗಳಿರುತ್ತವೆ, 1440ಪಿ ಪರದೆಯಲ್ಲಿ 36 ಲಕ್ಷ 86 ಸಾವಿರ. ಪ್ರತಿ ಫ್ರೇಮಿಗೂ ಅಷ್ಟನ್ನೂ ಬಣ್ಣ ತುಂಬಬೇಕು. 60 ಸಾವಿರದ ಆಸುಪಾಸಿನ ಮೊದಲ ಕಂಪ್ಯೂಟರಿಗೆ 24 ಇಂಚಿನ 1080ಪಿ ಸಾಕು, ದೊಡ್ಡದರ ಆಸೆ ಬೇಡ.

ಮಾನಿಟರ್ ಡಬ್ಬದ ಸಣ್ಣ ಅಕ್ಷರ ಹರ್ಟ್ಸ್. 60 ಹರ್ಟ್ಸ್ ಎಂದರೆ ಪರದೆ ಸೆಕೆಂಡಿಗೆ 60 ಸಲ ಮಾತ್ರ ಚಿತ್ರ ಬದಲಿಸುತ್ತದೆ. ಕಾರ್ಡ್ 140 ಫ್ರೇಮ್ ಕೊಟ್ಟರೂ ಅದರಲ್ಲಿ ಬಹುಪಾಲು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ವ್ಯಾಲರಂಟ್‌ನಂತಹ ಗುಂಡು ಹಾರಿಸುವ ಆಟ ಆಡುವವರು 144 ಅಥವಾ 165 ಹರ್ಟ್ಸ್‌ನ ಐಪಿಎಸ್ (ಬದಿಯಿಂದ ನೋಡಿದರೂ ಬಣ್ಣ ಕೆಡದ) ಮಾನಿಟರ್ ನೋಡಿ. ಕೆಲವು ಮಾನಿಟರುಗಳು ಆ ಪೂರ್ತಿ ವೇಗವನ್ನು ಡಿಸ್‌ಪ್ಲೇಪೋರ್ಟ್ ಕೇಬಲ್‌ನಲ್ಲಿ ಮಾತ್ರ ಕೊಡುತ್ತವೆ, ಎಚ್‌ಡಿಎಂಐನಲ್ಲಿ ಕಡಿಮೆ. ಇದನ್ನೂ ಡಬ್ಬದ ಬದಿಯಲ್ಲಿ ಬರೆದಿರುತ್ತಾರೆ.

ಹಣ ಹಂಚುವುದು

ಮಾನಿಟರ್ ಖರ್ಚನ್ನು ಅಕ್ಕ ಹೊತ್ತುಕೊಂಡಳು. 60 ಸಾವಿರವನ್ನು ನಾವು ಹಾಳೆಯಲ್ಲಿ ಹೀಗೆ ಹಂಚಿದೆವು: ಗ್ರಾಫಿಕ್ಸ್ ಕಾರ್ಡ್‌ಗೆ 23 ಸಾವಿರ, ಪ್ರೊಸೆಸರ್‌ಗೆ 11, ಮದರ್‌ಬೋರ್ಡ್‌ಗೆ ಎಂಟೂವರೆ, ರ‍್ಯಾಮ್‌ಗೆ ನಾಲ್ಕೂವರೆ, ಆಟಗಳನ್ನು ತುಂಬಿಡುವ ಎಸ್‌ಎಸ್‌ಡಿಗೆ 4, ಎಲ್ಲಕ್ಕೂ ವಿದ್ಯುತ್ ಹಂಚುವ ಎಸ್‌ಎಂಪಿಎಸ್‌ಗೆ ನಾಲ್ಕೂವರೆ, ಕ್ಯಾಬಿನೆಟ್‌ಗೆ ನಾಲ್ಕೂವರೆ. ಇವು ಅಂಗಡಿಯ ಬೆಲೆಗಳಲ್ಲ, ನಾವು ಹಾಕಿಕೊಂಡ ಮಿತಿಗಳು. ಬೆಲೆ ವಾರಕ್ಕೊಮ್ಮೆ ಬದಲಾಗುತ್ತದೆ, ಪ್ರಮಾಣ ಅಷ್ಟಾಗಿ ಬದಲಾಗುವುದಿಲ್ಲ. ಒಟ್ಟು ಹಣದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಗ್ರಾಫಿಕ್ಸ್ ಕಾರ್ಡ್‌ಗೆ ಹೋಗಬೇಕು. ಹೋಗದಿದ್ದರೆ ಅದು ಗೇಮಿಂಗ್ ಕಂಪ್ಯೂಟರ್ ಅಲ್ಲ, ದೀಪ ಹಚ್ಚಿದ ಟೈಪ್‌ರೈಟರ್.

ಹಾಳೆ ಬರೆದ ಮೇಲೆ ಒಂದು ಏಟು ಬಿತ್ತು. ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳಿಂದ ಮೆಮೊರಿ ಚಿಪ್‌ಗಳಿಗೆ ಬೇಡಿಕೆ ಏರಿ, 2025ರ ಕೊನೆಯ ತಿಂಗಳುಗಳಲ್ಲಿ ರ‍್ಯಾಮ್ ಬೆಲೆ ಲಂಗುಲಗಾಮಿಲ್ಲದೆ ಏರಿತು. ನಾಲ್ಕೂವರೆ ಸಾವಿರ ಸಾಲದೆ ಹೋಯಿತು. ಆಗ ಹುಡುಗ ಎಸ್‌ಎಂಪಿಎಸ್‌ನಲ್ಲಿ ಎರಡು ಸಾವಿರ ಕಡಿಮೆ ಮಾಡೋಣ ಎಂದ. ಆಗುವುದಿಲ್ಲ ಎಂದೆ. ಕಾರಣ ಮುಂದೆ ಹೇಳುತ್ತೇನೆ. ಕ್ಯಾಬಿನೆಟ್‌ನಲ್ಲಿ ಎರಡು ಸಾವಿರ, ಮದರ್‌ಬೋರ್ಡ್‌ನಲ್ಲಿ ಎರಡೂವರೆ ಸಾವಿರ ಉಳಿಸಿ ರ‍್ಯಾಮ್‌ಗೆ ಹಾಕಿದೆವು. ನಿಮಗೂ ಹೀಗೆ ಏನಾದರೂ ಏರಿದರೆ ಮೊದಲು ಕತ್ತರಿ ಬೀಳಬೇಕಾದ್ದು ಕಣ್ಣಿಗೆ ಚಂದ ಕಾಣುವ ವಸ್ತುವಿಗೆ.

ಗ್ರಾಫಿಕ್ಸ್ ಕಾರ್ಡ್: ಒಂದೇ ಹೆಸರು, ಎರಡು ವಸ್ತು

ಸಣ್ಣ ಅಕ್ಷರದ ಆಟ ಇಲ್ಲಿ ಜೋರಾಗಿ ನಡೆಯುತ್ತದೆ. ಉದಾಹರಣೆಗೆ ಆರ್‌ಟಿಎಕ್ಸ್ 3050. 2022ರಲ್ಲಿ ಬಂದದ್ದು 8 ಜಿಬಿ ಕಾರ್ಡ್. 2024ರಲ್ಲಿ ಅದೇ ಹೆಸರಿನಲ್ಲಿ 6 ಜಿಬಿ ಕಾರ್ಡ್ ಬಂತು. ಕಡಿಮೆಯಾದದ್ದು ಬರೀ 2 ಜಿಬಿ ಎಂದು ಯಾರಾದರೂ ಭಾವಿಸುತ್ತಾರೆ. ಒಳಗಿನ ಕೋರ್‌ಗಳು (ಲೆಕ್ಕ ಮಾಡುವ ಘಟಕಗಳು) 2560ರಿಂದ 2304ಕ್ಕೆ ಇಳಿದಿವೆ, ಮೆಮೊರಿಯ ದಾರಿ 128 ಬಿಟ್‌ನಿಂದ 96 ಬಿಟ್‌ಗೆ ಕಿರಿದಾಗಿದೆ. ಆರ್‌ಟಿಎಕ್ಸ್ 3060ರಲ್ಲೂ ಹೀಗೆಯೇ 12 ಜಿಬಿಯದು ಒಂದು, 8 ಜಿಬಿಯದು ಇನ್ನೊಂದು. "3060 ಇದೆ ಸರ್" ಎಂದು ಅಂಗಡಿಯವರು ಹೇಳಿದರೆ "ಎಷ್ಟು ಜಿಬಿಯದು" ಎಂದು ಕೇಳಿ. ಹಾಗೆಂದು 6 ಜಿಬಿಯ 3050 ಕೆಟ್ಟ ವಸ್ತುವಲ್ಲ. ಅದು 70 ವ್ಯಾಟ್‌ನಲ್ಲಿ, ಹೆಚ್ಚುವರಿ ವಿದ್ಯುತ್ ಕೇಬಲ್ ಇಲ್ಲದೆ ಓಡುತ್ತದೆ. ಮನೆಯಲ್ಲಿರುವ ಹಳೆಯ ಕಚೇರಿ ಕಂಪ್ಯೂಟರಿಗೆ ಕಾರ್ಡ್ ಸೇರಿಸುವವರಿಗೆ ಬಹಳ ಅನುಕೂಲ. ಹೊಸದಾಗಿ ಜೋಡಿಸುವವರಿಗೆ ಅಲ್ಲ.

ಕಡಿಮೆ ಬೆಲೆಯ ಕಾರ್ಡ್‌ಗಳಲ್ಲಿ ನೋಡಬೇಕಾದ ಇನ್ನೊಂದು ಅಂಕಿ, ಮದರ್‌ಬೋರ್ಡಿಗೆ ಅದು ಎಷ್ಟು ಎಳೆಗಳಲ್ಲಿ ಸೇರುತ್ತದೆ ಎನ್ನುವುದು. ಆರ್‌ಎಕ್ಸ್ 6500 ಎಕ್ಸ್‌ಟಿಗೆ ನಾಲ್ಕೇ ಎಳೆ. ಪಿಸಿಐಇ (ಕಾರ್ಡ್ ಬೋರ್ಡಿಗೆ ಸೇರುವ ಸಂಪರ್ಕ, ಅಂಕಿ ಹೆಚ್ಚಿದಷ್ಟೂ ವೇಗ) 4.0 ಬೋರ್ಡ್‌ನಲ್ಲಿ ಹೇಗೋ ನಡೆಯುತ್ತದೆ, 3.0 ಬೋರ್ಡ್‌ನಲ್ಲಿ ಹಾಕಿದರೆ ಕಿರಿದಾದ ಓಣಿಯಲ್ಲಿ ಲಾರಿ ಸಿಕ್ಕಿಕೊಂಡ ಹಾಗೆ. ಅದರಲ್ಲಿರುವುದೂ 4 ಜಿಬಿಯೇ. ಈಗ ಹೊಸದಾಗಿ ಕೊಳ್ಳುವವರು 8 ಜಿಬಿಗಿಂತ ಕಡಿಮೆ ಇರುವ ಕಾರ್ಡ್ ಮುಟ್ಟಬಾರದು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ನಾವು ಕೊನೆಗೆ ತೆಗೆದುಕೊಂಡದ್ದು ಆರ್‌ಎಕ್ಸ್ 6600. 2021ರದ್ದು, 8 ಜಿಬಿ, 132 ವ್ಯಾಟ್, ಎಂಟು ಎಳೆ. 1080ಪಿ ಪರದೆಗೆ ಹೇಳಿ ಮಾಡಿಸಿದ ಕಾರ್ಡ್. ಕಿಸೆ ಇನ್ನೂ ಸ್ವಲ್ಪ ಭಾರವಿದ್ದರೆ 115 ವ್ಯಾಟ್‌ನಲ್ಲಿ ಓಡುವ ಆರ್‌ಟಿಎಕ್ಸ್ 4060 ಅಥವಾ 2025ರ ಆರ್‌ಟಿಎಕ್ಸ್ 5060 ನೋಡಬಹುದು. ಇಂಟೆಲ್‌ನ ಆರ್ಕ್ ಬಿ580ರಲ್ಲಿ 12 ಜಿಬಿ ಇದೆ. ಆದರೆ ಮದರ್‌ಬೋರ್ಡ್‌ನಲ್ಲಿ ರಿಸೈಜಬಲ್ ಬಾರ್ ಎನ್ನುವ ಸೌಲಭ್ಯ ಇರಲೇಬೇಕು, ಇಲ್ಲದಿದ್ದರೆ ಅದು ಕುಂಟುತ್ತದೆ.

ಸೆಕೆಂಡ್ ಹ್ಯಾಂಡ್ ಕೊಳ್ಳಬಹುದೇ? ಕೊಳ್ಳಬಹುದು, ಕಣ್ಣಮುಂದೆ ಅರ್ಧ ಗಂಟೆ ಆಟ ಓಡಿಸಿ ತೋರಿಸಿದರೆ. 2022ರ ಸೆಪ್ಟೆಂಬರ್‌ನಲ್ಲಿ ಈಥರಿಯಂ ಎಂಬ ಡಿಜಿಟಲ್ ನಾಣ್ಯ ತನ್ನ ವಿಧಾನ ಬದಲಿಸಿದ ಮೇಲೆ, ಹಗಲು ರಾತ್ರಿ ಅದರ ಗಣಿಗಾರಿಕೆಯಲ್ಲಿ (ಲೆಕ್ಕ ಬಿಡಿಸಿ ನಾಣ್ಯ ಗಳಿಸುವ ಕೆಲಸದಲ್ಲಿ) ದುಡಿದ ಕಾರ್ಡ್‌ಗಳು ರಾಶಿ ರಾಶಿಯಾಗಿ ಮಾರುಕಟ್ಟೆಗೆ ಬಂದವು. ಹಳೆಯ ಚಿಪ್‌ಗೆ ಹೊಸ ಹೆಸರು ಬರೆದು ಮಾರುವ ನಕಲಿ ಕಾರ್ಡ್‌ಗಳೂ ಇವೆ, ವಿಂಡೋಸ್‌ನಲ್ಲಿ ಕೂಡ ಸುಳ್ಳು ಹೆಸರೇ ಕಾಣುತ್ತದೆ. ಜಿಪಿಯು-ಝಡ್ ಎಂಬ ಉಚಿತ ತಂತ್ರಾಂಶವನ್ನು ಪೆನ್‌ಡ್ರೈವ್‌ನಲ್ಲಿ ಹಾಕಿಕೊಂಡು ಹೋಗಿ, ಅದು ಬಹುಮಟ್ಟಿಗೆ ಬಣ್ಣ ಬಯಲು ಮಾಡುತ್ತದೆ. ಹೋಗುವುದೇ ರಗಳೆ ಎನಿಸಿದರೆ ಹೊಸದನ್ನೇ ಕೊಳ್ಳಿ.

ಪ್ರೊಸೆಸರ್ ಮತ್ತು ಮದರ್‌ಬೋರ್ಡ್

ಪ್ರೊಸೆಸರ್ ಹೆಸರು ಓದುವುದನ್ನು ಐದು ನಿಮಿಷದಲ್ಲಿ ಕಲಿಯಬಹುದು. ಇಂಟೆಲ್ ಕೋರ್ ಐ5-12400ಎಫ್ ಎಂದರೆ 12ನೇ ತಲೆಮಾರು, ಕೊನೆಯ ಎಫ್ ಎಂದರೆ ಒಳಗೆ ಗ್ರಾಫಿಕ್ಸ್ ಇಲ್ಲ. ಗ್ರಾಫಿಕ್ಸ್ ಕಾರ್ಡ್ ಹಾಕದೆ ಪರದೆಯಲ್ಲಿ ಏನೂ ಬರುವುದಿಲ್ಲ. ಇಂಟೆಲ್‌ನ ಪ್ರತಿಸ್ಪರ್ಧಿ ಎಎಂಡಿಯ ರೈಜೆನ್ 5000 ಸರಣಿಯಲ್ಲಿ ತಿರುವುಮುರುವು: ಕೊನೆಯಲ್ಲಿ ಜಿ ಇದ್ದರೆ ಗ್ರಾಫಿಕ್ಸ್ ಇದೆ, ಇಲ್ಲದಿದ್ದರೆ ಇಲ್ಲ. ರೈಜೆನ್ 5 5600 ಮತ್ತು 5600ಜಿ ಎರಡರಲ್ಲೂ ಆರು ಕೋರ್, ಹನ್ನೆರಡು ಥ್ರೆಡ್. ಆದರೆ ಒಳಗಿನ ಕ್ಯಾಶೆ ಮೆಮೊರಿ 5600ರಲ್ಲಿ 32 ಎಂಬಿ, 5600ಜಿಯಲ್ಲಿ 16 ಎಂಬಿ. ಗ್ರಾಫಿಕ್ಸ್ ಕಾರ್ಡ್ ಜತೆಗೆ ಆಡುವಾಗ ಈ ಅಂತರ ಕಾಣುತ್ತದೆ. ರೈಜೆನ್ 5 5500 ಎನ್ನುವುದು 5600ರ ತಮ್ಮನಂತೆ ಕೇಳಿಸುತ್ತದೆ, ವಾಸ್ತವದಲ್ಲಿ ಅದು ಗ್ರಾಫಿಕ್ಸ್ ಕಳಚಿದ 5600ಜಿ ಕುಲದ್ದು.

ಹಣ ತೀರಾ ಕಡಿಮೆ, 30 ಸಾವಿರದ ಸುತ್ತಮುತ್ತ ಇದೆ ಎನ್ನುವವರಿಗೆ 5600ಜಿಯೇ ದಾರಿ. ಈಗ ಕಾರ್ಡ್ ಇಲ್ಲದೆ ವ್ಯಾಲರಂಟ್, ಹಳೆಯ ಆಟಗಳನ್ನು ಆಡಿ, ವರ್ಷದ ಮೇಲೆ ಕಾರ್ಡ್ ಸೇರಿಸಬಹುದು. ಅರೆಬರೆ ಕಾರ್ಡ್ ಕೊಂಡು ಪೇಚಾಡುವುದಕ್ಕಿಂತ ಇದು ಎಷ್ಟೋ ಮೇಲು.

ಉಳಿದವರು ಸಾಕೆಟ್ (ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗ) ಎಎಂಡಿಯ ಎಎಂ4 ಅಥವಾ ಎಎಂ5 ಎಂದು ಯೋಚಿಸಬೇಕಾಗುತ್ತದೆ. ಎಎಂ4ನಲ್ಲಿ ಡಿಡಿಆರ್4 ರ‍್ಯಾಮ್, ಒಟ್ಟು ಖರ್ಚು ಕಡಿಮೆ, ಆದರೆ ಆ ಸಾಕೆಟ್‌ನ ಕಾಲ ಮುಗಿಯುತ್ತಾ ಬಂದಿದೆ. ಎಎಂ5 2022ರಲ್ಲಿ ಬಂದದ್ದು, ಡಿಡಿಆರ್5 ಮಾತ್ರ ಹಿಡಿಯುತ್ತದೆ. ಮೂರು ನಾಲ್ಕು ವರ್ಷ ಕಳೆದ ಮೇಲೆ ಬರೀ ಪ್ರೊಸೆಸರ್ ಬದಲಿಸಿ ಮುಂದುವರಿಯುವ ಅವಕಾಶ ಅದರಲ್ಲಿ ಹೆಚ್ಚು. ರ‍್ಯಾಮ್ ಬೆಲೆ ಸಹಜ ಸ್ಥಿತಿಯಲ್ಲಿದ್ದರೆ ನಾನು ಎಎಂ5 ಎಂದೇ ಹೇಳುತ್ತಿದ್ದೆ. ನಮ್ಮ 60 ಸಾವಿರಕ್ಕೆ ಎಎಂ4 ಮತ್ತು 5600 ಸರಿಹೊಂದಿತು. ಕೂಲರ್ ಡಬ್ಬದಲ್ಲೇ ಬಂದಿದ್ದರಿಂದ ಆ ಖರ್ಚೂ ಉಳಿಯಿತು.

ಮದರ್‌ಬೋರ್ಡ್‌ನಲ್ಲಿ ಬಿ550 ಮಾದರಿ ಬಿಟ್ಟು ಅಗ್ಗದ ಎ520ಕ್ಕೆ ಇಳಿದೆವು. ಅದು ಪಿಸಿಐಇ 3.0. ನಮ್ಮ ಕಾರ್ಡಿಗೆ ಎಂಟು ಎಳೆ ಇರುವುದರಿಂದ ಆಗುವ ನಷ್ಟ ಕಣ್ಣಿಗೆ ಕಾಣುವಷ್ಟಲ್ಲ. ರ‍್ಯಾಮ್ ಕಡ್ಡಿಗೆ ಕನಿಷ್ಠ ಎರಡು ಜಾಗ, ಎಂ.2 ಎಸ್‌ಎಸ್‌ಡಿಗೆ ಒಂದು ಜಾಗ ಇದ್ದರೆ ಸಾಕು. ಅಂಗಡಿಯಲ್ಲಿ ಬಹಳ ದಿನ ಕುಳಿತ ಬೋರ್ಡ್ ಆದರೆ ಬಯೋಸ್ (ಬೋರ್ಡಿನ ಒಳಗಿನ ಮೂಲ ತಂತ್ರಾಂಶ) ಹಳೆಯದಿರುತ್ತದೆ, ಹೊಸ ಪ್ರೊಸೆಸರನ್ನು ಗುರುತಿಸುವುದಿಲ್ಲ. "ಬಯೋಸ್ ಅಪ್‌ಡೇಟ್ ಮಾಡಿಕೊಡಿ" ಎಂದು ಕೊಳ್ಳುವಾಗಲೇ ಹೇಳಿಬಿಡಿ. ಮನೆಗೆ ತಂದ ಮೇಲೆ ಕಪ್ಪು ಪರದೆ ನೋಡುತ್ತಾ ಕೂರುವ ಕಷ್ಟ ತಪ್ಪುತ್ತದೆ.

ರ‍್ಯಾಮ್, ಎಸ್‌ಎಸ್‌ಡಿ

16 ಜಿಬಿಯ ಒಂದೇ ಕಡ್ಡಿ ಬೇಡ, 8 ಜಿಬಿಯ ಎರಡು ಕಡ್ಡಿ ಕೊಳ್ಳಿ. ಎರಡಿದ್ದರೆ ಪ್ರೊಸೆಸರ್ ಎರಡು ದಾರಿಯಲ್ಲಿ ಮಾತನಾಡುತ್ತದೆ. 5600ಜಿ ಹಾಕುವವರಿಗಂತೂ ಇದು ಕಡ್ಡಾಯ, ಅದರ ಗ್ರಾಫಿಕ್ಸ್ ಇದೇ ರ‍್ಯಾಮನ್ನು ಹಂಚಿಕೊಂಡು ಬದುಕುತ್ತದೆ. ಡಿಡಿಆರ್4 ಆದರೆ 3200 ವೇಗದ್ದು.

ಎಸ್‌ಎಸ್‌ಡಿಯಲ್ಲಿ ಎಂ.2 ಎನ್ನುವುದು ಆಕಾರದ ಹೆಸರು, ವೇಗದ ಹೆಸರಲ್ಲ. ಅದೇ ಆಕಾರದಲ್ಲಿ ನಿಧಾನದ ಸಾಟಾ ಕೂಡ ಬರುತ್ತದೆ. ಡಬ್ಬದ ಮೇಲೆ ಎನ್‌ವಿಎಂಇ ಎಂದಿರಲಿ. 512 ಜಿಬಿ ಕೊಂಡರೆ ವಿಂಡೋಸ್‌ನಲ್ಲಿ 476 ಎಂದು ಕಾಣುತ್ತದೆ. ಯಾರೂ ಕದ್ದಿಲ್ಲ, ಕಂಪನಿ ಸಾವಿರದ ಲೆಕ್ಕದಲ್ಲಿ ಎಣಿಸುತ್ತದೆ, ವಿಂಡೋಸ್ 1024ರ ಲೆಕ್ಕದಲ್ಲಿ.

ಎಸ್‌ಎಂಪಿಎಸ್: ಇಲ್ಲಿ ಜಿಪುಣತನ ಬೇಡ

ಹತ್ತು ವರ್ಷದ ಹಿಂದೆ ನನ್ನ ಮೊದಲ ಕಂಪ್ಯೂಟರ್ ಜೋಡಿಸಿದಾಗ ಕ್ಯಾಬಿನೆಟ್ ಜತೆಗೇ ಎಸ್‌ಎಂಪಿಎಸ್ ಬಂದಿತ್ತು. ಮೇಲೆ 500 ವ್ಯಾಟ್ ಎಂದು ದಪ್ಪಕ್ಷರ. ಎಂಟು ತಿಂಗಳು ಓಡಿತು. ಒಂದು ಸಂಜೆ ಕರೆಂಟ್ ಹೋಗಿ ಬಂದಾಗ ಟಪ್ ಎಂದು ಸದ್ದು, ಸುಟ್ಟ ರಬ್ಬರ್ ವಾಸನೆ. ತಾನೊಂದೇ ಹೋಗಿದ್ದರೆ ಸರಿ, ಮದರ್‌ಬೋರ್ಡನ್ನೂ ಜತೆಗೆ ಕರೆದುಕೊಂಡು ಹೋಯಿತು. ಆ ಡಬ್ಬವನ್ನು ಆಮೇಲೆ ಬಿಚ್ಚಿ, ಅದರ ಮೈಮೇಲಿನ ಚೀಟಿಯನ್ನು ಮೊದಲ ಸಲ ಸರಿಯಾಗಿ ಓದಿದೆ.

ಆ ಚೀಟಿಯನ್ನು ಹೀಗೆ ಓದಬೇಕು. ಅದರಲ್ಲಿ 3.3 ವೋಲ್ಟ್, 5 ವೋಲ್ಟ್, 12 ವೋಲ್ಟ್ ಎಂದು ಕಂಬಸಾಲುಗಳಿರುತ್ತವೆ. ಕೆಳಗೆ ಆಂಪಿಯರ್. ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್ ಎರಡೂ ಉಣ್ಣುವುದು 12 ವೋಲ್ಟ್ ಸಾಲಿನಿಂದ. ನನ್ನದರಲ್ಲಿ ಆ ಸಾಲಿನ ಕೆಳಗೆ 16 ಆಂಪಿಯರ್ ಎಂದಿತ್ತು. 12 ಗುಣಿಸು 16, ಬರುವುದು 192. ಹೆಸರಿಗೆ 500, ಕೆಲಸಕ್ಕೆ ಬರುವುದು 192 ವ್ಯಾಟ್. ಒಳ್ಳೆಯ 550 ವ್ಯಾಟ್ ಎಸ್‌ಎಂಪಿಎಸ್‌ನಲ್ಲಿ ಅದೇ ಜಾಗದಲ್ಲಿ 43–45 ಆಂಪಿಯರ್ ಇರುತ್ತದೆ. ಗುಣಿಸಿದರೆ ಹೆಚ್ಚುಕಡಿಮೆ ಹೆಸರಿಗೆ ಹತ್ತಿರದ ಅಂಕಿಯೇ ಬರುತ್ತದೆ. ಅಂಗಡಿಯಲ್ಲಿ ನಿಂತು ಮೊಬೈಲ್‌ನಲ್ಲಿ ಈ ಒಂದು ಗುಣಾಕಾರ ಮಾಡಿ. ಕೈಯಲ್ಲಿ ಎತ್ತಿಯೂ ನೋಡಿ, ಕಳಪೆ ಮಾಲು ಮಂಡಕ್ಕಿ ಚೀಲದಂತೆ ಹಗುರವಾಗಿರುತ್ತದೆ.

ಎಷ್ಟು ವ್ಯಾಟ್ ಬೇಕು ಎನ್ನುವುದು ಸರಳ ಲೆಕ್ಕ. ಕಾರ್ಡಿಗೆ 132. ಪ್ರೊಸೆಸರ್ ಮೇಲೆ 65 ಎಂದಿದ್ದರೂ ಒತ್ತಡದಲ್ಲಿ 90ರವರೆಗೆ ಹೋಗಬಹುದು ಎಂದುಕೊಳ್ಳಿ; ಇಂಟೆಲ್ 12400ಎಫ್ ಆದರೆ ಅದರ ಗರಿಷ್ಠ ಮಿತಿ 117. ಉಳಿದದ್ದಕ್ಕೆಲ್ಲ 50. ಒಟ್ಟು ಮುನ್ನೂರರ ಒಳಗೆ. ಈ ಕಾರ್ಡಿಗೆ ಎಎಂಡಿ ಹೇಳುವುದೂ ಕನಿಷ್ಠ 450 ವ್ಯಾಟ್ ಎಸ್‌ಎಂಪಿಎಸ್. ಮುಂದೆ ಕಾರ್ಡ್ ಬದಲಿಸುವ ಆಸೆ ಇದ್ದರೆ 550. ಮೇಲೆ 80 ಪ್ಲಸ್ ಬ್ರಾಂಜ್ ಗುರುತು ಇರಲಿ. ಅದು ಗೋಡೆಯಿಂದ ಎಳೆದ ವಿದ್ಯುತ್ತಿನಲ್ಲಿ ಎಷ್ಟು ಪಾಲು ವ್ಯರ್ಥವಾಗದೆ ಒಳಗೆ ಹೋಗುತ್ತದೆ ಎನ್ನುವುದರ ಪರೀಕ್ಷೆ. ಗುಣಮಟ್ಟಕ್ಕೆ ಪೂರ್ತಿ ಸಾಕ್ಷಿಯಲ್ಲ, ಅದಕ್ಕೇ ವಾರಂಟಿಯನ್ನೂ ನೋಡಬೇಕು. ಐದು ವರ್ಷ ವಾರಂಟಿ ಕೊಡುವ ಕಂಪನಿಗೆ ತನ್ನ ಮಾಲಿನ ಮೇಲೆ ನಂಬಿಕೆ ಇದೆ ಎಂದು ಅರ್ಥ. 750, 850 ಎಂದು ಏರುವುದು ಬೇಡ.

ಇದರ ಜತೆಗೇ ಹೇಳಬೇಕಾದದ್ದು ಅರ್ಥಿಂಗ್. ಕ್ಯಾಬಿನೆಟ್‌ನ ತಿರುಪು ಮುಟ್ಟಿದಾಗ ಬೆರಳಿಗೆ ಇರುವೆ ಹರಿದ ಹಾಗೆ ಜುಮ್ ಎನ್ನುತ್ತದೆಯೇ? ಎಸ್‌ಎಂಪಿಎಸ್ ಒಳಗಿನ ಸೋಸುವ ಕೆಪಾಸಿಟರ್‌ಗಳು ಸಣ್ಣ ಪ್ರಮಾಣದ ವಿದ್ಯುತ್ತನ್ನು ಅರ್ಥ್ ತಂತಿಗೆ ಬಿಡುತ್ತಿರುತ್ತವೆ. ಆ ತಂತಿ ಎಲ್ಲಿಗೂ ಹೋಗದಿದ್ದರೆ ಕ್ಯಾಬಿನೆಟ್ ಮೈಮೇಲೆ ಸುಮಾರು 115 ವೋಲ್ಟ್ ತೇಲುತ್ತಾ ನಿಲ್ಲುತ್ತದೆ. ಅಕ್ಕನ ಮನೆ ಹಳೆಯದು. ಮೂರು ರಂಧ್ರದ ಸಾಕೆಟ್ ಇತ್ತು, ಮೂರನೆಯದರ ಹಿಂದೆ ತಂತಿಯೇ ಇರಲಿಲ್ಲ. ಕಂಪ್ಯೂಟರ್ ಕೊಳ್ಳುವ ಮೊದಲೇ ಎಲೆಕ್ಟ್ರಿಷಿಯನ್ ಕರೆಸಿ ಅದನ್ನು ಸರಿಮಾಡಿಸಿದೆವು.

ಯುಪಿಎಸ್ ಕೊಳ್ಳುವವರು ವಿಎ ಮತ್ತು ವ್ಯಾಟ್ ಒಂದೇ ಎಂದು ತಿಳಿಯಬೇಡಿ. 600 ವಿಎ ಎಂದರೆ ಸಾಮಾನ್ಯವಾಗಿ 360 ವ್ಯಾಟ್. ನಮ್ಮ ಯಂತ್ರಕ್ಕೆ ಆಟ ಉಳಿಸಿ ಮುಚ್ಚುವಷ್ಟು ಹೊತ್ತು ಅದು ಸಾಕು, ಬೇಸಿಗೆಯ ಸಂಜೆ ಪೂರ್ತಿ ಆಡುವುದಕ್ಕಲ್ಲ. ಮನೆಯ ಇನ್ವರ್ಟರ್ ಚೌಕ ಅಲೆಯದಾದರೆ ಗೇಮಿಂಗ್ ಕಂಪ್ಯೂಟರನ್ನು ಅದಕ್ಕೆ ಸೇರಿಸಬೇಡಿ, ಸೈನ್ ಅಲೆಯದಾದರೆ ನಡೆಯುತ್ತದೆ.

ಮೀಟರ್ ಲೆಕ್ಕವನ್ನೂ ಮನೆಯವರಿಗೆ ಮೊದಲೇ ಹೇಳಿಬಿಡುವುದು ಒಳ್ಳೆಯದು. ಮಾನಿಟರ್ ಸೇರಿ 300 ವ್ಯಾಟ್, ದಿನಕ್ಕೆ ಮೂರು ಗಂಟೆ ಎಂದರೆ ತಿಂಗಳಿಗೆ 27 ಯೂನಿಟ್. ಗೃಹಜ್ಯೋತಿಯಲ್ಲಿ ಉಚಿತವಾಗಿ ಸಿಗುವುದು ಹೆಚ್ಚಿನ ಮನೆಗಳಿಗೆ 2022–23ರ ಸರಾಸರಿ ಬಳಕೆ ಮತ್ತು ಅದರ ಮೇಲೆ ಶೇ 10 ಮಾತ್ರ. ಸರಾಸರಿ 60 ಯೂನಿಟ್ ಇದ್ದ ಮನೆಗೆ 66ರವರೆಗೆ ಉಚಿತ, ಈ 27 ಸೇರಿದರೆ ಹೆಚ್ಚಾದದ್ದಕ್ಕೆ ಹಣ ಕಟ್ಟಬೇಕು. ತಿಂಗಳ ಬಳಕೆ 200 ದಾಟಿದರೆ ಪೂರ್ತಿ ಬಿಲ್ಲೇ ಕಟ್ಟಬೇಕು. ನಾವು ಹೇಳಲು ಮರೆತೆವು. ಬಿಲ್ ಬಂದ ದಿನ ಅಕ್ಕ ಅದರ ಫೋಟೊ ಕಳುಹಿಸಿದಳು, ಜತೆಗೆ ಒಂದು ಮಾತೂ ಇರಲಿಲ್ಲ.

ಕ್ಯಾಬಿನೆಟ್

ಮುಂಭಾಗ ಗಾಜಿನದಿದ್ದರೆ ಬೇಡ, ಜಾಲರಿ ಇರಲಿ. ಎರಡು ಫ್ಯಾನ್ ಮುಂದೆ, ಒಂದು ಹಿಂದೆ. ಕಾರ್ಡಿನ ಉದ್ದ ಎಷ್ಟು ಮಿಲಿಮೀಟರ್, ಕ್ಯಾಬಿನೆಟ್ ಎಷ್ಟನ್ನು ಹಿಡಿಯುತ್ತದೆ ಎಂದು ತಾಳೆ ನೋಡಿ. ನಮ್ಮ ಊರಿಗೆ ಧೂಳು ತಡೆಯುವ, ಕಳಚಿ ತೊಳೆಯಬಹುದಾದ ಫಿಲ್ಟರ್ ಇರುವುದು ಮುಖ್ಯ. ಅಕ್ಕನ ಮನೆ ಮಂಡಕ್ಕಿ ಭಟ್ಟಿಗಳಿಗೆ ದೂರವಲ್ಲ. ಬೆಳಿಗ್ಗೆ ಒರೆಸಿದ ಕಿಟಕಿಯ ಮೇಲೆ ಸಂಜೆಗೆ ಬೆರಳಿನಿಂದ ಹೆಸರು ಬರೆಯಬಹುದು.

ಎಲ್ಲಿ ಕೊಳ್ಳುವುದು

ಬೆಂಗಳೂರಿನ ಎಸ್.ಪಿ. ರಸ್ತೆಗೆ ಬೆಳಗಿನ ರೈಲಿಗೆ ಹೋಗಿ ರಾತ್ರಿ ಬರುವ ಹುಡುಗರು ನಮ್ಮೂರಿನಲ್ಲಿ ಬಹಳ. ಬೆಲೆ ಅಲ್ಲಿ ಸ್ವಲ್ಪ ಕಡಿಮೆ, ಆಯ್ಕೆ ಹೆಚ್ಚು. ಆದರೆ ಒಂದು ಭಾಗ ಕೆಟ್ಟರೆ ಮತ್ತೆ ಸುಮಾರು 260 ಕಿಲೋಮೀಟರ್. ನಾವು ಮಾಡಿದ ವ್ಯವಸ್ಥೆ ಇದು: ಪ್ರೊಸೆಸರ್ ಮತ್ತು ಎಸ್‌ಎಸ್‌ಡಿ ಆನ್‌ಲೈನ್‌ನಲ್ಲಿ, ಏಕೆಂದರೆ ಅವು ಕೆಡುವುದು ಅಪರೂಪ, ಸಾಗಿಸುವುದು ಸುಲಭ. ಮದರ್‌ಬೋರ್ಡ್, ರ‍್ಯಾಮ್, ಎಸ್‌ಎಂಪಿಎಸ್, ಮಾನಿಟರ್ ದಾವಣಗೆರೆಯಲ್ಲೇ. ಬೋರ್ಡ್ ಮತ್ತು ರ‍್ಯಾಮ್ ಒಂದನ್ನೊಂದು ಒಪ್ಪದಿದ್ದರೆ ಸ್ಕೂಟರ್‌ನಲ್ಲಿ ಹೋಗಿ ಬದಲಿಸಿಕೊಂಡು ಬರಬಹುದು. ಗ್ರಾಫಿಕ್ಸ್ ಕಾರ್ಡ್ ಎರಡೂ ಕಡೆ ಕೇಳಿ, ಊರಿನ ಅಂಗಡಿಯಲ್ಲಿ ಐನೂರು ರೂಪಾಯಿ ಹೆಚ್ಚಾದರೂ ಇಲ್ಲೇ ತೆಗೆದುಕೊಂಡೆವು.

"ಬಿಲ್ ಬೇಡವಾದರೆ ಕಡಿಮೆ ಮಾಡುತ್ತೇನೆ" ಎನ್ನುವ ಮಾತು ಎಲ್ಲ ಊರಿನಲ್ಲೂ ಕೇಳಿಬರುತ್ತದೆ. ಶೇ 18 ಜಿಎಸ್‌ಟಿ ಉಳಿಯುತ್ತದೆ ಎಂದು ಆಸೆ ಹುಟ್ಟುವುದು ಸಹಜ. ಮೂರು ವರ್ಷದ ವಾರಂಟಿಗೆ ಕಂಪನಿ ಮೊದಲು ಕೇಳುವುದೇ ಆ ಬಿಲ್. ಬಿಲ್‌ನಲ್ಲಿ ಪ್ರತಿ ಭಾಗದ ಸೀರಿಯಲ್ ನಂಬರ್ ಬರೆಸಿಕೊಳ್ಳಿ. ಪ್ರೊಸೆಸರ್ ಮುಚ್ಚಿದ ಡಬ್ಬದಲ್ಲಿರಲಿ. ಬಿಡಿಯಾಗಿ ಕೊಡುವ ಟ್ರೇ ಪ್ರೊಸೆಸರಿಗೆ ಸಾಮಾನ್ಯವಾಗಿ ಅಂಗಡಿಯವರ ಮಾತೇ ವಾರಂಟಿ. ಆನ್‌ಲೈನ್‌ನಲ್ಲಿ ತರಿಸಿದ್ದನ್ನು ಬಿಚ್ಚುವಾಗ ತಮ್ಮನನ್ನೋ ತಂಗಿಯನ್ನೋ ಪಕ್ಕದಲ್ಲಿ ಕೂರಿಸಿ ವಿಡಿಯೊ ಮಾಡಿಸಿ.

ಜೋಡಿಸುವ ದಿನ

ಹಾಸಿಗೆ, ಜಮಖಾನದ ಮೇಲೆ ಬೇಡ, ಮರದ ಮೇಜು ಇರಲಿ. ಮದರ್‌ಬೋರ್ಡನ್ನು ಅದರ ರಟ್ಟಿನ ಡಬ್ಬದ ಮೇಲೆ ಇಟ್ಟು, ಪ್ರೊಸೆಸರ್, ಕೂಲರ್, ರ‍್ಯಾಮ್, ಕಾರ್ಡ್ ಹಾಕಿ, ಕ್ಯಾಬಿನೆಟ್‌ನ ಹೊರಗೇ ಒಮ್ಮೆ ಚಾಲೂ ಮಾಡಿ ನೋಡಿ. ಎಲ್ಲ ತಿರುಪು ಬಿಗಿದ ಮೇಲೆ ತಪ್ಪು ಹುಡುಕುವುದು ನರಕ. ಎಎಂ4 ಪ್ರೊಸೆಸರ್‌ನ ಹೊಟ್ಟೆಯಲ್ಲಿ ಕೂದಲಿನಂತಹ ಪಿನ್‌ಗಳಿರುತ್ತವೆ. ಮೂಲೆಯ ಚಿನ್ನದ ಬಣ್ಣದ ತ್ರಿಕೋನವನ್ನು ಸಾಕೆಟ್‌ನ ತ್ರಿಕೋನಕ್ಕೆ ಹೊಂದಿಸಿ ಬಿಟ್ಟರೆ ತಾನಾಗಿ ಕೂರುತ್ತದೆ, ಒತ್ತಬಾರದು. ಡಬ್ಬದ ಕೂಲರಿಗೆ ಶಾಖ ಸಾಗಿಸುವ ಪೇಸ್ಟ್ ಬಳಿದೇ ಬಂದಿರುತ್ತದೆ. ರ‍್ಯಾಮ್‌ಗೆ ನಾಲ್ಕು ಜಾಗ ಇರುವ ಬೋರ್ಡ್ ಆದರೆ ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೆಯದು ಮತ್ತು ನಾಲ್ಕನೆಯದು. ಎಎಂ5 ಕೊಂಡವರಿಗೆ ಒಂದು ಮಾತು: ಮೊದಲ ಸಲ ಚಾಲೂ ಮಾಡಿದಾಗ ರ‍್ಯಾಮ್ ಹೊಂದಿಸಿಕೊಳ್ಳಲು ಅದು ಕೆಲವು ನಿಮಿಷ ಕಪ್ಪು ಪರದೆಯಲ್ಲೇ ಕೂರಬಹುದು. ಗಾಬರಿಯಿಂದ ಸ್ವಿಚ್ ಆರಿಸಬೇಡಿ.

ನಮ್ಮದು ಚಾಲೂ ಆಯಿತು, ಫ್ಯಾನ್ ತಿರುಗಿದವು, ಪರದೆ ಮಾತ್ರ ಕಪ್ಪು. ಹುಡುಗನ ಮುಖ ಬಾಡಿತು. ಹಿಂದೆ ಬಗ್ಗಿ ನೋಡಿದರೆ ಕೇಬಲನ್ನು ಮದರ್‌ಬೋರ್ಡಿನ ಎಚ್‌ಡಿಎಂಐಗೆ ಚುಚ್ಚಿದ್ದ. ಕಾರ್ಡ್ ಹಾಕಿದ ಮೇಲೆ ಕೇಬಲ್ ಕಾರ್ಡಿಗೇ ಹೋಗಬೇಕು, ಕೆಳಗಿನ ಅಡ್ಡ ಸಾಲಿನಲ್ಲಿರುವ ರಂಧ್ರಕ್ಕೆ.

ವಿಂಡೋಸ್ ಹಾಕಿದ ಮೇಲೆ ಮೂರು ಕೆಲಸ ಉಳಿಯುತ್ತವೆ. ಬಯೋಸ್‌ಗೆ ಹೋಗಿ ಎಕ್ಸ್‌ಎಂಪಿ ಚಾಲೂ ಮಾಡಿ. ಇಲ್ಲದಿದ್ದರೆ 3200ಕ್ಕೆ ಹಣ ಕೊಟ್ಟ ರ‍್ಯಾಮ್ 2133ರಲ್ಲೋ 2400ರಲ್ಲೋ ಓಡುತ್ತಿರುತ್ತದೆ. ಅಲ್ಲೇ ಟಿಪಿಎಂ ಮತ್ತು ಸೆಕ್ಯೂರ್ ಬೂಟ್ ಎಂಬ ಸುರಕ್ಷತಾ ಸೌಲಭ್ಯಗಳು ಚಾಲೂ ಇವೆಯೇ ನೋಡಿ, ವಿಂಡೋಸ್ 11ರಲ್ಲಿ ವ್ಯಾಲರಂಟ್ ಇವಿಲ್ಲದೆ ತೆರೆಯುವುದಿಲ್ಲ. ಆಮೇಲೆ ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ ಮಾನಿಟರ್ ವೇಗವನ್ನು ಕೈಯಾರೆ 144ಕ್ಕೋ 165ಕ್ಕೋ ಬದಲಿಸಿ. ವರ್ಷಗಟ್ಟಲೆ 60ರಲ್ಲೇ ಆಡಿ, ವ್ಯತ್ಯಾಸ ಏನೂ ಇಲ್ಲ ಎಂದು ಬೈದುಕೊಂಡವರನ್ನು ನಾನು ಬಲ್ಲೆ.

ಎರಡು ತಿಂಗಳಿಗೊಮ್ಮೆ ಪ್ಲಗ್ ಕಿತ್ತು, ಬಾಗಿಲು ತೆಗೆದು ಬ್ಲೋವರ್‌ನಿಂದ ಧೂಳು ಹೊಡೆಯಿರಿ, ಮನೆಯ ಹೊರಗೆ. ಗಾಳಿ ಬಿಡುವಾಗ ಫ್ಯಾನ್ ರೆಕ್ಕೆಯನ್ನು ಒಂದು ಬೆರಳಿನಿಂದ ಹಿಡಿದುಕೊಳ್ಳಿ. ಬಿಟ್ಟರೆ ಮಿತಿಮೀರಿ ತಿರುಗಿ ಬೇರಿಂಗ್ ಹಾಳಾಗುತ್ತದೆ. ಏಪ್ರಿಲ್‌ನಲ್ಲಿ ತಿಂಗಳಿಗೊಮ್ಮೆ ಮಾಡಿದರೂ ಹೆಚ್ಚಾಗುವುದಿಲ್ಲ.